ಬಸ್ಸಿನ ಹಿಂದಿನ ಎಡಗಾಲು

ಜನವರಿ ಕೊನೆಯ ವಾರದ ಬುಧವಾರ, ಬೆಳಿಗ್ಗೆ ಏಳೂವರೆ. ಬಿ.ಜಿ. ಕೆರೆಯಿಂದ ಒಳಕ್ಕೆ, ಕುರಿಯವರ ಹಟ್ಟಿಯ ಮುಂದಿನ ಬಯಲು. ಹಾಜರಿದ್ದವರು ನಾನು, ಬಸ್ಸಿನ ಚಾಲಕ, ಎಕ್ಸ್‌ರೇ ತೆಗೆಯುವಾಕೆ, ಮತ್ತು ನಮಗಿಂತ ಮೊದಲೇ ಬಂದು ಕಂಬಳಿ ಹಾಸಿ ಕೂತಿದ್ದ ಒಬ್ಬ ಹೆಂಗಸು.

ಆ ಹೆಂಗಸಿಗಾಗಿಯೇ ನಾವು ಅಲ್ಲಿಗೆ ಹೋದದ್ದು. ದೀಪಾವಳಿಯ ಹೊತ್ತಿಗೆ ಅವಳ ಎಡ ಎದೆಯಲ್ಲಿ ಗಂಟು ಸಿಕ್ಕಿತ್ತು. ಡಿಸೆಂಬರಿನಲ್ಲಿ ನಮ್ಮ ಬಸ್ಸು ಇದೇ ಹಟ್ಟಿಗೆ ಬಂದಾಗ ಎಕ್ಸ್‌ರೇ ಚಿತ್ರ ತೆಗೆಯಲು ಆಗದೆ ಅವಳನ್ನು ವಾಪಸು ಕಳಿಸಿದ್ದೆವು. ಈಗ ಅವಳ ಮನೆಯವರು ಕುರಿ ಹೊಡೆದುಕೊಂಡು ಬಳ್ಳಾರಿ ಕಡೆಯ ನೀರಾವರಿ ಗದ್ದೆಗಳಿಗೆ ಹೊರಟಿದ್ದರು. ಗದ್ದೆಯವರ ಹೊಲದಲ್ಲಿ ಗೊಬ್ಬರಕ್ಕೆಂದು ಮಂದೆ ಕೂರಿಸಿ, ಅಲ್ಲಿ ಇಲ್ಲಿ ಮೇಯಿಸಿಕೊಂಡು ತಿರುಗಿ ಬರುವುದು ಮುಂಗಾರು ಬಿದ್ದ ಮೇಲೆ. ಹೊರಡುವುದು ಅಂದು ಸಂಜೆ, ಬಿಸಿಲು ಇಳಿದೊಡನೆ. ಅಷ್ಟರೊಳಗೆ ಚಿತ್ರ ಆಗಬೇಕು. ಆಗದಿದ್ದರೆ ಗಂಟು ಅವಳ ಜೊತೆ ಗದ್ದೆಯಿಂದ ಗದ್ದೆಗೆ ಅಲೆಯುತ್ತದೆ, ಬೆಳೆಯುತ್ತದೆ.

ಬಸ್ಸಿನ ವಿಷಯ ಹೇಳಬೇಕು. ಅದು ಮೊದಲು ಯಾರೋ ಸಿರಿವಂತರು ಊರೂರು ಸುತ್ತಲು ಮಾಡಿಸಿಕೊಂಡಿದ್ದ ಓಡಾಡುವ ಮನೆ. ಒಳಗೆ ಮಂಚ, ಅಡುಗೆ ಕಟ್ಟೆ, ಬಚ್ಚಲು ಎಲ್ಲ ಇದ್ದವು. ಚಳ್ಳಕೆರೆಯ ಎಣ್ಣೆ ಗಿರಣಿಯವರ ಒಂದು ಟ್ರಸ್ಟು ಅದನ್ನು ಹಳೆಯದಾಗಿ ಕೊಂಡು, ಮಂಚ ಕಿತ್ತು, ಹೆಂಗಸರ ಎದೆಯ ಎಕ್ಸ್‌ರೇ ಯಂತ್ರ ಕೂರಿಸಿತು. ಅಡುಗೆ ಕಟ್ಟೆಯ ನಲ್ಲಿ ಹಾಗೇ ಉಳಿಯಿತು, ಕೈ ತೊಳೆಯಲು ಅನುಕೂಲ. ಇನ್ನೊಂದು ಉಳಿದದ್ದು ಬಸ್ಸಿನ ಹೊಟ್ಟೆಯ ಕೆಳಗಿನ ನಾಲ್ಕು ಕಬ್ಬಿಣದ ಕಾಲು. ಗುಂಡಿ ಒತ್ತಿದರೆ ಪಂಪು ಓಡಿ, ಎಣ್ಣೆಯ ಒತ್ತಡಕ್ಕೆ ನಾಲ್ಕೂ ಕಾಲು ನೆಲಕ್ಕೆ ಇಳಿದು, ಬಸ್ಸನ್ನು ಸ್ಪ್ರಿಂಗಿನ ಮೇಲಿಂದ ಎತ್ತಿ ಮಟ್ಟಕ್ಕೆ ನಿಲ್ಲಿಸುತ್ತವೆ. ಆ ಸಿರಿವಂತರಿಗೆ ಅದು ನಿದ್ದೆಯಲ್ಲಿ ಉರುಳದಿರಲು ಬೇಕಿತ್ತು. ನಮಗೆ ಬೇಕಾದದ್ದು ಬೇರೆ ಕಾರಣಕ್ಕೆ. ಬಸ್ಸು ಓರೆಯಾಗಿದ್ದರೆ, ಅಥವಾ ಯಾರೋ ಹತ್ತಿದಾಗ ಅಲ್ಲಾಡಿದರೆ, ಯಂತ್ರದ ಭಾರದ ತೋಳು ತಾನೇ ವಾಲುತ್ತದೆ. ಆದ್ದರಿಂದ ಮಟ್ಟ ಕಾಣದೆ ಆ ಯಂತ್ರ ಚಾಲೂ ಆಗುವುದೇ ಇಲ್ಲ.

ನಾನು ನೌಕರಿಯಲ್ಲಿದ್ದಷ್ಟು ಕಾಲವೂ ಆಸ್ಪತ್ರೆಯ ಸಿಸ್ಟರು, ಅದರಲ್ಲಿ ಬಹುಪಾಲು ಆಪರೇಷನ್ ಕೋಣೆಯಲ್ಲಿ. ಆಪರೇಷನ್ ಟೇಬಲ್ಲೂ ಹೀಗೇ ಎಣ್ಣೆಯ ಒತ್ತಡದಲ್ಲಿ ಏರಿ ಇಳಿಯುವಂಥದು. ಮಲಗಿದ ರೋಗಿಯ ಕೆಳಗೆ ಅದು ಕುಸಿಯುತ್ತಾ ಹೋದರೆ ಏನಾಗುತ್ತದೆ ಎಂದು ಕಂಡವಳು ನಾನು. ದಿನಾ ಬೆಳಿಗ್ಗೆ ಮೊದಲ ರೋಗಿ ಬರುವ ಮುಂಚೆ ಟೇಬಲ್ಲನ್ನು ಏರಿಸಿ ಇಳಿಸಿ, ಕೆಳಗೆ ಬಿಳಿ ಬಟ್ಟೆ ಹಾಸಿ ತೊಟ್ಟು ಬಿದ್ದಿದೆಯೇ ಎಂದು ನೋಡುವುದು ನಮ್ಮ ಮೇಟ್ರನ್ ಕಲಿಸಿದ ಪಾಠ. ನಿವೃತ್ತಳಾದ ಮೇಲೆ ಟ್ರಸ್ಟಿನವರು ಶಿಬಿರದ ಉಸ್ತುವಾರಿ ಕೇಳಿದಾಗ ಒಂದೇ ಷರತ್ತು ಹಾಕಿದೆ. ನನಗೆ ಹೇಳದೆ ಬಸ್ಸಿನ ಯಾವ ಭಾಗವನ್ನೂ ಯಾರೂ ಮುಟ್ಟಬಾರದು. ಎಲ್ಲರೂ ತಲೆಯಾಡಿಸಿದರು. ತಲೆಯಾಡಿಸುವುದರಲ್ಲಿ ನಮ್ಮವರು ಎಂದೂ ಹಿಂದೆ ಬಿದ್ದಿಲ್ಲ.

ಅಂದು ಬೆಳಿಗ್ಗೆ ಮಾಮೂಲಿನ ಕ್ರಮ. ಕೈಬ್ರೇಕು ಎಳೆಸಿದೆ. ಕಾಲು ಇಳಿಯುವ ಜಾಗದಲ್ಲಿ ಮರದ ಹಲಗೆ ಇರಿಸಿದೆ. ಇಂಜಿನ್ ಓಡುತ್ತಿರಲಿ ಎಂದು ಹೇಳಿ ಫಲಕದ ಗುಂಡಿ ಒತ್ತಿದೆ. ಪಂಪು ಗುರ್ ಎಂದಿತು. ಮುಂದಿನ ಎರಡು ಕಾಲು ಇಳಿದವು. ಹಿಂದಿನ ಬಲಗಾಲು ಇಳಿಯಿತು. ಹಿಂದಿನ ಎಡಗಾಲು ಅಲ್ಲಾಡಲಿಲ್ಲ. ಫಲಕದಲ್ಲಿ ಆ ಕಾಲಿನ ಕೆಂಪು ದೀಪ ಮಿನುಗಿ, ಬೀಪ್ ಬೀಪ್ ಎಂದು ಕೂಗಿ, ಎಲ್ಲ ನಿಂತಿತು.

ಮೂರನ್ನೂ ಮೇಲೆತ್ತಿ ಮತ್ತೆ ಒತ್ತಿದೆ. ಮತ್ತೆ ಅದೇ.

"ನಿನ್ನೆ ಮಧ್ಯಾಹ್ನ ಅಂಗಳದಾಗೆ ನಾಲ್ಕೂ ಇಳಿದಿದ್ವಲ್ರಿ ಸಿಸ್ಟರ್, ನಿಮ್ಮೆದುರಿಗೇನೆ," ಅಂದ ಚಾಲಕ.

ಅದು ನಿಜ. ಗಿರಣಿಯ ಅಂಗಳದಲ್ಲಿ ನಾನೇ ನಿಂತು ಇಳಿಸಿ, ಏರಿಸಿ ನೋಡಿದ್ದೆ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ನಿನ್ನೆ ಇದ್ದದ್ದು ಇಂದು ಇಲ್ಲ ಎಂದರೆ ನಡುವೆ ಏನೋ ಆಗಿರಬೇಕು, ಅಥವಾ ನಿನ್ನೆಯೇ ಏನೋ ಇದ್ದಿರಬೇಕು.

ಚಾಲಕ ಐವತ್ತು ದಾಟಿದ ಮನುಷ್ಯ, ಮೊಳಕಾಲ್ಮೂರಿನವನು. ಗಿರಣಿಯ ಲಾರಿ ಓಡಿಸಿ ಓಡಿಸಿ ಎಲ್ಲ ರೋಗಕ್ಕೂ ಒಂದೇ ಮದ್ದು ಕಲಿತವನು. ಸ್ಪಾನರು ಹಿಡಿದು ಬಸ್ಸಿನ ಕೆಳಗೆ ನುಗ್ಗಿದ.

"ಎಲ್ಡು ಬಾರಿಸಿದ್ರೆ ಬಿಟ್ಕಂತೈತೆ."

"ಬಾರಿಸು, ಆಮೇಲೆ ಅದೇ ಸ್ಪಾನರು ನನ್ನ ಕೈಗೆ ಕೊಡು," ಅಂದೆ.

ಅವನು ಹೊರಗೆ ಬಂದ, ನಾನು ಕೆಳಗೆ ನುಗ್ಗಿದೆ.

ಕಂಬಳಿಯ ಮೇಲಿದ್ದ ಹೆಂಗಸು ಕದಿರು ತಿರುಗಿಸುತ್ತಾ ಉಣ್ಣೆ ನೂಲುತ್ತಿದ್ದಳು. ಪಕ್ಕದಲ್ಲಿ ಅವಳ ಗಂಡ ಬಂದು ನಿಂತಿದ್ದ. ಅವನ ಕಡೆ ತಿರುಗಿ ಮೆಲ್ಲಗೆ ತೆಲುಗಿನಲ್ಲಿ, "ಈಯಮ್ಮಕು ಕೋಪಂ ಎಕ್ಕುವ," ಅಂದಳು. ಈಯಮ್ಮನಿಗೆ ಸಿಟ್ಟು ಜಾಸ್ತಿ ಎಂದು.

"ಕೋಪಂ ಲೇಕುಂಟೇ ಇಕ್ಕಡ ಪನಿ ಕಾದು," ಅಂದೆ ನಾನು, ಬಸ್ಸಿನ ಕೆಳಗಿನಿಂದಲೇ. ಸಿಟ್ಟಿಲ್ಲದೆ ಇಲ್ಲಿ ಕೆಲಸ ಆಗುವುದಿಲ್ಲ. ಮೊಳಕಾಲ್ಮೂರಿನ ಮಗ್ಗದ ಮನೆಯಲ್ಲಿ ಹುಟ್ಟಿದ ನನ್ನಂಥವರಿಗೆ ಎರಡೂ ಭಾಷೆ ಬರುತ್ತವೆ ಎಂಬುದು ಅವಳಿಗೆ ಹೊಳೆದಿರಲಿಲ್ಲ. ಗಂಡ ಟವೆಲು ಬಾಯಿಗಿಟ್ಟು ನಕ್ಕ. ಅವಳು ನಗಲಿಲ್ಲ, ಕದಿರೂ ನಿಲ್ಲಿಸಲಿಲ್ಲ.

"ಮತ್ತೇನ್ರಿ," ಅಂದಳು. "ಹೋದ ಸಲ ಬಂದಾಗ್ಲೂ ಕಾಲು ಇಳೀಲಿಲ್ಲ ಅಂದ್ರಿ. ನಮ್ ಕುರಿ ಕುಂಟಿದ್ರೆ ಹಿಡ್ದು ಕೆಡವಿ ಮುಳ್ಳು ತೆಗೀತೀವಿ. ನಿಮ್ಮ ಬಂಡಿ ಕುಂಟಿದ್ರೆ ಹೆಂಗಸ್ರನ್ನ ಮನೀಗ್ ಕಳಿಸ್ತೀರಿ."

ಡಿಸೆಂಬರಿನಲ್ಲಿ ಪಂಪಿನ ತೊಟ್ಟಿಯ ಎಣ್ಣೆ ತಳ ಮುಟ್ಟಿತ್ತು. ಒಂದು ಕಾಲಿನ ಬುಡದಲ್ಲಿ ಸೋರುತ್ತಿದ್ದದ್ದನ್ನು ಚಾಲಕ ದಿನಾ ಒರೆಸಿ ಸುಮ್ಮನಿದ್ದ. ಸೋರಿಕೆಯನ್ನು ಸರಿಪಡಿಸಿ, ಇಂಥದೇ ಕೆಂಪು ಎಣ್ಣೆ ತುಂಬಿಸಿ ಎಂದು ಟ್ರಸ್ಟಿನ ಕಾರ್ಯದರ್ಶಿಗೆ ಬಿಡಿಸಿ ಹೇಳಿದ್ದೆ. ಅವರು ಗಿರಣಿಯ ಯಜಮಾನರು, ಬಸ್ಸು ನಿಲ್ಲುವುದೂ ಅವರ ಅಂಗಳದಲ್ಲೇ. ಎರಡೇ ದಿನದಲ್ಲಿ ಫೋನು ಮಾಡಿ, "ಎಲ್ಲಾ ಆತು ಸಿಸ್ಟರಮ್ಮ, ತುಂಬಿಸಿದೀನಿ," ಅಂದಿದ್ದರು. ಆಮೇಲೆ ಶೇಂಗಾ ಹಂಗಾಮು. ಚಾಲಕನನ್ನು ಲಾರಿಗೆ ಹಾಕಿಕೊಂಡರು. ಇವತ್ತು ನಾಳೆ ಎನ್ನುತ್ತಾ ಬಸ್ಸು ಒಂದೂವರೆ ತಿಂಗಳು ಅಂಗಳದಲ್ಲೇ ನಿಂತಿತು. ನಾನು ದಿನಬಿಟ್ಟು ದಿನ ಕೇಳಿದೆ. ಅವರು ಪ್ರತಿ ಸಲವೂ ಚಹಾ ತರಿಸಿದರು.

ಸಿಟ್ಟನ್ನು ಬದಿಗಿಟ್ಟು ಕ್ರಮವಾಗಿ ನೋಡೋಣ ಎಂದುಕೊಂಡೆ. ಬದಿಗಿಡಲು ಆಗಲಿಲ್ಲ, ಕ್ರಮವಾಗಿ ಮಾತ್ರ ನೋಡಿದೆ. ಮೊದಲು ಬ್ಯಾಟರಿ. ಮೀಟರು ಹಿಡಿದರೆ ವಿದ್ಯುತ್ತು ಸರಿಯಾಗಿತ್ತು. ಆಮೇಲೆ ತಂತಿ. ಪಂಪಿನ ಪಕ್ಕದಲ್ಲಿ ನಾಲ್ಕು ಕಾಲಿಗೆ ನಾಲ್ಕು ವಾಲ್ವುಗಳಿವೆ, ಒಂದೊಂದರ ತಲೆಯ ಮೇಲೂ ಬಳೆಯಂತೆ ಒಂದು ಕಾಯಿಲು. ಗುಂಡಿ ಒತ್ತಿದರೆ ಕಾಯಿಲಿಗೆ ವಿದ್ಯುತ್ತು ಬಂದು, ಒಳಗಿನ ಕಡ್ಡಿಯನ್ನು ಎಳೆದು, ಎಣ್ಣೆಗೆ ದಾರಿ ಬಿಡುತ್ತದೆ. ಎಡಗಾಲಿನ ತಂತಿಯ ತುದಿ ಬಿಚ್ಚಿ ನೋಡಿದೆ. ತುಕ್ಕಿಲ್ಲ, ಸಡಿಲವಿಲ್ಲ.

ಕಾಯಿಲು ಸತ್ತಿದೆಯೇ ಎಂದು ತಿಳಿಯಲು ಸುಲಭದ ದಾರಿಯಿದೆ. ಹಿಂದಿನ ಎಡದ ಕಾಯಿಲನ್ನು ಬಲದ ವಾಲ್ವಿಗೂ, ಬಲದ್ದನ್ನು ಎಡಕ್ಕೂ ಅದಲು ಬದಲು ಮಾಡಿದೆ. ಫಲಕದಲ್ಲಿ ಒಂದೊಂದು ಕಾಲಿಗೂ ಬೇರೆ ಗುಂಡಿಯೂ ಇದೆ, ಎಕ್ಸ್‌ರೇ ಹುಡುಗಿಗೆ ಒಳಗಿನಿಂದ ಅವನ್ನು ಒಂದೊಂದಾಗಿ ಒತ್ತಲು ಹೇಳಿದೆ. ಎಡಗಾಲಿನ ಗುಂಡಿ ಒತ್ತಿದರೆ ಬಲಗಾಲು ಇಳಿಯಿತು. ಅಂದರೆ ಗುಂಡಿ, ತಂತಿ, ಕಾಯಿಲು ಮೂರೂ ಬದುಕಿವೆ. ಬಲಗಾಲಿನ ಗುಂಡಿ ಒತ್ತಿದರೆ ಎಡಗಾಲು ಅಲ್ಲಾಡಲಿಲ್ಲ. ಅಂದರೆ ಎಡದ ವಾಲ್ವಿನ ಕಡ್ಡಿಯೇ ಒಳಗೆ ಕಚ್ಚಿಕೊಂಡಿದೆ. ವಿದ್ಯುತ್ತಿನದಲ್ಲ, ಎಣ್ಣೆಯ ದಾರಿಯದೇ ತಕರಾರು.

ಇಷ್ಟು ಸಲ ಓಡಿದ್ದಕ್ಕೆ ಪಂಪು ಬೆಚ್ಚಗಾಗಿತ್ತು. ಬಸ್ಸಿನ ಕೆಳಗಿನಿಂದ ಹೊರಬರುವಾಗ ಮೂಗಿಗೆ ಒಲೆಯ ಮೇಲೆ ಬಾಣಲೆ ಕಾದಂತೆ ವಾಸನೆ ಬಂತು.

"ಏನಮ್ಮಾ ಕರೀತಿದೀರಿ?" ಎಂದು ಹೆಂಗಸನ್ನು ಕೇಳಿದೆ. ಪ್ರಯಾಣಕ್ಕೆ ಏನೋ ಬುತ್ತಿ ಇರಬಹುದು ಎಂದುಕೊಂಡೆ.

ಅವಳು ಹಟ್ಟಿಯ ಕಡೆ ನೋಡಿದಳು, ಬಸ್ಸಿನ ಕಡೆ ನೋಡಿದಳು.

"ನಮ್ಮ ಒಲೆ ಆರಿ ಭಾಳ ಹೊತ್ತಾತು. ನಿಮ್ಮ ಬಂಡಿಯಾಗೇ ಯಾರೋ ಬಜ್ಜಿ ಹಾಕಾಕತ್ತಾರೆ."

ಚಾಲಕ ಬಗ್ಗಿ ತನ್ನ ಚಪ್ಪಲಿ ಸರಿಮಾಡಿಕೊಳ್ಳತೊಡಗಿದ. ಸರಿಮಾಡುವಂಥದ್ದು ಆ ಚಪ್ಪಲಿಯಲ್ಲಿ ಏನೂ ಇರಲಿಲ್ಲ.

ತೊಟ್ಟಿಯ ಮುಚ್ಚಳ ತೆಗೆದೆ. ಒಳಗೆ ಕೆಂಪು ಇರಲಿಲ್ಲ. ಮಾಸಲು ಕಂದು ಬಣ್ಣ, ಮೇಲೊಂದು ಕೆನೆ. ಬೆರಳು ಅದ್ದಿ ಮೂಸಿದೆ. ಶೇಂಗಾ ಎಣ್ಣೆ. ಚಳ್ಳಕೆರೆಯಲ್ಲಿ ಹುಟ್ಟಿದ ಕೂಸಿಗೂ ತಿಳಿಯುವ ವಾಸನೆ. ಹಿಂದಿನ ದಿನ ಅದೇ ಮುಚ್ಚಳದ ಪಕ್ಕ ನಿಂತಿದ್ದ ನನಗೆ ಏಕೆ ತಿಳಿಯಲಿಲ್ಲವೆಂದರೆ, ಆ ಅಂಗಳದಲ್ಲಿ ಗೋಡೆ, ಗೋಣಿಚೀಲ, ಚಹಾದ ಲೋಟ ಎಲ್ಲವೂ ಅದೇ ವಾಸನೆ. ಬಯಲಿನ ಗಾಳಿಗೆ ಬಂದ ಮೇಲೇ ಅದು ಬೇರೆಯಾಗಿ ನಿಂತದ್ದು. ನಿನ್ನೆ ಬಿಸಿಲಿಗೆ ತೆಳುವಾಗಿದ್ದ ಎಣ್ಣೆ ಹೇಗೋ ಕಾಲುಗಳನ್ನು ಇಳಿಸಿತ್ತು. ರಾತ್ರಿಯ ಚಳಿಗೆ ಗಟ್ಟಿಯಾಗಿ, ಅಂಟುಗಟ್ಟಿದ್ದ ಕಡ್ಡಿಯನ್ನು ಪೂರ್ತಿ ಹಿಡಿದುಕೊಂಡಿತು.

"ಯಾರು ಹಾಕಿದ್ದು?" ಅಂದೆ.

"ಸಾವ್ಕಾರ್ರು ಡಬ್ಬಿ ಕಳಿಸಿದ್ರು. ನಾ ಸುರಿದೆ."

"ಇದು ಶೇಂಗಾ ಎಣ್ಣೆ ಅಂತ ನಿನಗೆ ಗೊತ್ತಿತ್ತೋ ಇಲ್ಲೋ?"

"ಗೊತ್ತಿರದೆ ಏನ್ರಿ. ಡಬ್ಬಿ ಮ್ಯಾಲೆ ಚಿತ್ರ ಐತಲ್ಲ."

"ನನಗೆ ಯಾಕೆ ಹೇಳಲಿಲ್ಲ?"

"ನೀವು ಬಯ್ತೀರಿ ಅಂತ."

ಅಲ್ಲೇ ನಿಂತು ಕಾರ್ಯದರ್ಶಿಗೆ ಫೋನು ಮಾಡಿದೆ. ಗಿರಣಿಯ ಸದ್ದಿನ ನಡುವೆ ಅವರ ಧ್ವನಿ ಎಂದಿನಂತೆ ನಗುನಗುತ್ತಲೇ ಇತ್ತು.

"ಹೌದ್ರಿ ಸಿಸ್ಟರಮ್ಮ, ನಾನೇ ಕಳಿಸಿದ್ದು. ಶೇಂಗಾ ಹಿಂಡೋ ನಮ್ಮ ಪ್ರೆಸ್ಸಿಗೆ ನಮ್ಮಪ್ಪನ ಕಾಲದಿಂದ ಅದೇ ಎಣ್ಣೆ. ಅದೂ ನಿಮ್ಮ ಬಸ್ಸಿನ ಕಾಲಿನಂಗೇ ಒತ್ತಡದ ಮ್ಯಾಲೆ ನಡಿಯೋದು. ಬೇರೆ ಎಣ್ಣೆ ಹಾಕಿ, ಅದು ಸೋರಿ ಮಾಲಿಗೆ ಬಿದ್ರೆ ಮಾಲೆಲ್ಲ ಕೆಡ್ತೈತೆ. ಇದು ಸೋರಿದ್ರೂ ಎಣ್ಣೆಗೆ ಎಣ್ಣೆ. ಒಂದಿನ ನಿಂತಿಲ್ಲ ನೋಡ್ರಿ ಆ ಪ್ರೆಸ್ಸು."

"ನಿಮ್ಮ ಪ್ರೆಸ್ಸು ದಿನಾ ಓಡ್ತೈತೆ, ದಿನಾ ಬಿಸಿ ಆಗ್ತೈತೆ. ಹಂಗಾಮು ಮುಗಿದ್ರೆ ಬಸಿದು ತೊಳೀತೀರಿ. ಬಸ್ಸು ನಿಮ್ಮ ಅಂಗಳದಾಗೆ ಒಂದೂವರೆ ತಿಂಗಳು ಅಲ್ಲಾಡದೆ ನಿಂತಿತ್ತು. ಒಳಗೆಲ್ಲ ಪಾಕ ಕಟ್ಟೈತೆ."

"ಅದು ಮಿಲ್ಲಿಂದಲ್ರಿ, ಗಾಣದ್ದು. ನಮ್ಮ ಮನೀಗೆ ಅಂತ ತೆಗೆದಿಟ್ಟಿದ್ದು. ಧರ್ಮದ ಕೆಲ್ಸ, ಒಳ್ಳೇದೇ ಹೋಗ್ಲಿ ಅಂತ."

ಅವರು ಸುಳ್ಳು ಹೇಳುತ್ತಿರಲಿಲ್ಲ. ಅದೇ ನನ್ನ ಸಿಟ್ಟನ್ನು ಇನ್ನೂ ಕೆರಳಿಸಿತು. ಕಳ್ಳತನಕ್ಕೆ, ಜಿಪುಣತನಕ್ಕೆ ಬೈಯಬಹುದು. ತಮ್ಮ ಮನೆಯ ಉತ್ತಮ ಎಣ್ಣೆಯನ್ನು ತಂದು ಯಂತ್ರದ ಬಾಯಿಗೆ ಸುರಿದವರಿಗೆ ಏನೆಂದು ಬೈಯುವುದು? ಧರ್ಮದ ಕೆಲಸ ಎಂದರೆ ಅಳತೆ ಬೇಡ, ಕೇಳುವುದು ಬೇಡ, ಕೊಟ್ಟದ್ದೇ ದೊಡ್ಡದು ಎಂದು ಅವರು ತಿಳಿದಿದ್ದರು. ತಮ್ಮ ಪ್ರೆಸ್ಸಿಗೆ ಯಾರಾದರೂ ಹೇಳದೆ ಕೆಂಪು ಎಣ್ಣೆ ಸುರಿದಿದ್ದರೆ ಆ ದಿನವೇ ಅವನನ್ನು ಗೇಟಿನಾಚೆ ಹಾಕುತ್ತಿದ್ದರು. ಪ್ರೆಸ್ಸು ಅವರ ಜೀವನ. ಬಸ್ಸು ಅವರ ಪುಣ್ಯ. ಪುಣ್ಯಕ್ಕೆ ಯಾರೂ ಲೆಕ್ಕ ಕೇಳುವುದಿಲ್ಲವಲ್ಲ.

"ಇವತ್ತು ಈ ಹೆಂಗಸಿನ ಚಿತ್ರ ಆಗದಿದ್ರೆ ಸಂಜೆ ನಿಮ್ಮ ಗಿರಣಿ ಬಾಗಿಲಲ್ಲಿ ಕೂತ್ಕೊಂಡು ಎಲ್ರಿಗೂ ಹೇಳ್ತೀನಿ," ಅಂದು ಫೋನು ಇಟ್ಟೆ.

ಚಾಲಕನನ್ನು ಹಟ್ಟಿಯವರ ಮೋಟಾರು ಸೈಕಲ್ಲಿನಲ್ಲಿ ರಾಂಪುರಕ್ಕೆ ಓಡಿಸಿದೆ. ಸ್ಟೀರಿಂಗಿಗೆ ಹಾಕುವ ಕೆಂಪು ಎಣ್ಣೆ, ತೊಳೆಯಲು ಡೀಸೆಲ್ಲು, ವಾಲ್ವುಗಳಿಗೆ ಹೊಸ ರಬ್ಬರ್ ಉಂಗುರಗಳು. ಸಾಮಾನಿನ ಪೆಟ್ಟಿಗೆಯಲ್ಲಿದ್ದ ಹಳೆಯ ಉಂಗುರವೊಂದನ್ನು ಅವನ ಕಿರುಬೆರಳಿಗೆ ತೊಡಿಸಿ, ಇದೇ ಅಳತೆ, ಬೇರೆ ಅಳತೆ ತಂದರೆ ನೀನು ಬರುವುದೇ ಬೇಡ ಎಂದು ಹೇಳಿದೆ.

ಅವನು ಹೋದ ಮೇಲೆ ಕಾಲುಗಳೆಲ್ಲ ಮೇಲಿವೆಯೇ ನೋಡಿ, ಇಂಜಿನ್ ನಿಲ್ಲಿಸಿ, ಬ್ಯಾಟರಿ ಸ್ವಿಚ್ಚು ಆರಿಸಿ, ತೊಟ್ಟಿಯ ಎಣ್ಣೆಯನ್ನು ಕ್ಯಾನಿಗೆ ಬಸಿದೆ. ಎಡದ ವಾಲ್ವನ್ನು ತಿರುಗಿಸಿ ಹೊರತೆಗೆದೆ. ಕಡ್ಡಿಯ ಸುತ್ತ ಬೆಲ್ಲದ ಪಾಕದಂಥ ಅಂಟು. ಉಗುರಿನಿಂದ ಕೆರೆದರೂ ಬರಲಿಲ್ಲ. ಮೊದಲು ಬಿಸಿ ನೀರು, ಸೋಪು. ಅಡುಗೆ ಕಟ್ಟೆಯ ಮೇಲೆ ಎಕ್ಸ್‌ರೇ ಹುಡುಗಿ ನೀರು ಕಾಯಿಸಿಕೊಟ್ಟಳು.

ಹೆಂಗಸು ಎದ್ದು ಬಂದು ನನ್ನ ಪಕ್ಕ ಕುಕ್ಕರಗಾಲಿನಲ್ಲಿ ಕೂತಳು.

"ಅಷ್ಟು ಸಣ್ಣ ಕಡ್ಡೀಗೆ ಅಷ್ಟು ದೊಡ್ಡ ಬಸ್ಸು ನಿಂತೈತಾ?"

"ಹೂಂ."

"ನನ್ನ ಗಂಟೂ ಶೇಂಗಾ ಬೀಜದಷ್ಟೇ ಇತ್ತು ಮೊದ್ಲು," ಅಂದಳು. "ಈಗ ಬಿಡ್ರಿ."

"ಎಷ್ಟಾಗಿದೆ?"

ಅವಳು ನನ್ನ ಕೈಯ ಕಡ್ಡಿಯನ್ನೇ ನೋಡುತ್ತಿದ್ದಳು. ಡಿಸೆಂಬರಿನಲ್ಲಿ ನಾನು ಮುಟ್ಟಿ ನೋಡಿದ್ದ ಗಂಟು ಅದು. ಆವತ್ತೇ ಅವಳನ್ನು ಊರಿನ ಆಸ್ಪತ್ರೆಗೆ ಹೋಗು ಎಂದು ಹೇಳಿದ್ದೆ. ಚಿತ್ರದ ಬಸ್ಸು ಬರುತ್ತದಲ್ಲ, ಅದರಲ್ಲೇ ಆಗಲಿ ಎಂದಿದ್ದರಂತೆ ಮನೆಯವರು. ಬಸ್ಸು ಬರುತ್ತದೆ ಎಂಬ ಮಾತೇ ಅವಳನ್ನು ಕೂರಿಸಿತ್ತು. ಬಸ್ಸೇ ಇಲ್ಲದಿದ್ದರೆ ಬಹುಶಃ ಹೋಗಿರುತ್ತಿದ್ದಳು. ಕಡ್ಡಿಯನ್ನು ಕೆಳಗಿಟ್ಟು ಕೈ ಒರೆಸಿಕೊಂಡು ಮತ್ತೆ ಹಿಡಿದೆ.

ಗಂಡ ಬಂದು ದೂರದಿಂದಲೇ ಕೂಗಿದ. "ಏ, ಕುರಿ ಬಿಡಾಕ್ಕೆ ಹೊತ್ತಾತು. ಆಗೋ ಮಾತಾ, ಆಗ್ದೇ ಇರೋ ಮಾತಾ ಕೇಳು."

"ನೀನೇ ಬಂದು ಕೇಳು," ಅಂದಳು ಅವಳು. "ನಂಗೆ ಈಯಮ್ಮನ್ನ ಕೇಳಾಕೆ ಭಯ ಆಗ್ತೈತೆ."

ಅವನು ಬರಲಿಲ್ಲ. ಬಿಸಿಲು ಇಳಿಯುವವರೆಗೆ ಕಾಯುತ್ತೇನೆ, ಅದಕ್ಕಿಂತ ಜಾಸ್ತಿ ಆಗದು ಎಂದು ಹೇಳಿ ಮಂದೆಯ ಕಡೆ ಹೋದ. ಅವನ ಮೇಲೆ ಸಿಟ್ಟು ಮಾಡಲು ನನಗೆ ಹಕ್ಕಿರಲಿಲ್ಲ. ಕುರಿ ಮೇಯುತ್ತಿದ್ದ ಕಾವಲಿನ ಹುಲ್ಲು ಬೇಲಿಯೊಳಗೆ ಹೋಗಿ ಎಷ್ಟೋ ಕಾಲವಾಗಿತ್ತು, ಕೊಯ್ದ ಹೊಲದ ಕೂಳೆಯೂ ಮುಗಿದಿತ್ತು. ಕುರಿಗಳನ್ನು ಹೊಟ್ಟೆಗಿಲ್ಲದೆ ಎರಡು ದಿನ ನಿಲ್ಲಿಸುವಂತಿರಲಿಲ್ಲ. ತಡವಾದರೆ ಅವನು ಮಾತು ಕೊಟ್ಟ ಗದ್ದೆಯವರು ಬೇರೆ ಮಂದೆಯನ್ನು ಕರೆಯುತ್ತಿದ್ದರು.

ಚಾಲಕ ಬಂದಾಗ ನೆರಳು ಬಸ್ಸಿನ ಇನ್ನೊಂದು ಬದಿಗೆ ಹೊರಳಿತ್ತು. ಉಂಗುರದ ಅಳತೆ ಸರಿಯಾಗಿತ್ತು. ಅಷ್ಟರಮಟ್ಟಿಗೆ ಅವನನ್ನು ಬೈಯಲಿಲ್ಲ. ವಾಲ್ವನ್ನು ಡೀಸೆಲ್ಲಿನಲ್ಲಿ ಅದ್ದಿ, ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಕಡ್ಡಿ ಬೆರಳ ತುದಿಯ ಒತ್ತಿಗೆ ಸರಿದು ತಾನಾಗಿ ವಾಪಸು ಬರುವವರೆಗೆ ತೊಳೆದೆ. ಉಂಗುರಕ್ಕೆ ಹೊಸ ಎಣ್ಣೆ ಸವರಿ ಕೂರಿಸಿದೆ. ತೊಟ್ಟಿಗೆ ಸ್ವಲ್ಪ ಕೆಂಪು ಎಣ್ಣೆ ಸುರಿದು, ಪಂಪು ಓಡಿಸಿ, ಬಸಿದು ಚೆಲ್ಲಿ, ಮತ್ತೆ ತುಂಬಿದೆ. ಕಾಯಿಲುಗಳನ್ನು ಮೊದಲಿನ ಜಾಗಕ್ಕೆ ಹಾಕಿದೆ.

"ಇನ್ನೊಂದ್ಸಲ ತೊಳೀಬೇಕಾ ಸಿಸ್ಟರ್? ಸಾಕಲ್ವಾ?" ಅಂದ ಚಾಲಕ.

"ಸಾಕು ಅನ್ನೋ ಮಾತನ್ನ ಇವತ್ತು ನನ್ನೆದುರಿಗೆ ಆಡಬೇಡ."

"ಆಡಲ್ಲ ಬಿಡ್ರಿ," ಅಂದು ಎರಡನೆಯ ಡಬ್ಬಿ ಒಡೆದ. ಸುರಿಯುತ್ತಾ, "ನಮ್ಮವ್ವನೂ ನಿಮ್ಮಂಗೇ ಇದ್ಲು," ಅಂದ. ಅದು ಹೊಗಳಿಕೆಯೋ ದೂರೋ ಕೇಳಲಿಲ್ಲ.

ಗುಂಡಿ ಒತ್ತಿದೆ. ಮುಂದಿನ ಎರಡು, ಹಿಂದಿನ ಬಲ. ಎಡಗಾಲು ಒಂದು ಗೇಣು ಇಳಿದು ನಡುಗಿ ನಿಂತಿತು. ಪೈಪಿನಲ್ಲಿ ಗಾಳಿ ಸೇರಿದ್ದರೆ ಹೀಗಾಗುತ್ತದೆ. ಮೇಲೆತ್ತಿ, ಇಳಿಸಿ, ಮೇಲೆತ್ತಿ, ಇಳಿಸಿ, ಗಾಳಿಯೆಲ್ಲ ತೊಟ್ಟಿಗೆ ಬಂದು ಗುಳುಗುಳು ಎನ್ನುವವರೆಗೆ ಮಾಡಿದೆ. ಆಮೇಲೆ ಕಾಲು ನೇರ ಹಲಗೆಯ ಮೇಲೆ ಬಂದು ಕೂತಿತು. ಬಸ್ಸು ಮೆಲ್ಲಗೆ ಎದ್ದಿತು. ಫಲಕದಲ್ಲಿ ಹಸಿರು. ಅದನ್ನೂ ನಂಬದೆ ಒಳಗೆ ಹೋಗಿ ರಸಮಟ್ಟ ಇಟ್ಟು ನೋಡಿದೆ. ಗುಳ್ಳೆ ಎರಡು ಗೆರೆಗಳ ನಡುವೆ ನಿಂತಿತು. ಯಂತ್ರದ ದೀಪ ಹೊತ್ತಿತು.

"ಬಾರಮ್ಮ," ಅಂದೆ.

ಅವಳು ಕದಿರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿದಳು. ಯಂತ್ರದ ತಟ್ಟೆ ಎದೆಗೆ ಒತ್ತಿದಾಗ, "ಅಬ್ಬಾ, ಇದು ಯಾರ ಗಿರಣಿ ಪ್ರೆಸ್ಸು?" ಅಂದಳು. ಎಕ್ಸ್‌ರೇ ಹುಡುಗಿ ನಕ್ಕಳು. ಚಿತ್ರ ಪರದೆಯ ಮೇಲೆ ಬಂದಾಗ ಮಾತ್ರ ಆ ನಗು ಹೋಯಿತು. ಚಿತ್ರವನ್ನು ಜಿಲ್ಲಾ ಆಸ್ಪತ್ರೆಯ ಡಾಕ್ಟರಿಗೆ ಕಳಿಸಿದಳು. ಡಾಕ್ಟರಿಗೆ ಬೆಳಿಗ್ಗೆಯೇ ಹೇಳಿಟ್ಟಿದ್ದೆ. ಅವರು ತಡಮಾಡದೆ ಫೋನು ಮಾಡಿದರು. ಗಂಟಿನ ಅಂಚು ಚೆನ್ನಾಗಿಲ್ಲ, ಸೂಜಿ ಹಾಕಿ ಚೂರು ತೆಗೆದು ನೋಡಲೇಬೇಕು, ನಾಳೆಯೇ ಕರೆತನ್ನಿ, ಅಂದರು. ಒಂದು ತಿಂಗಳು ಮೊದಲು ಬಂದಿದ್ದರೆ ಚೆನ್ನಾಗಿತ್ತು ಎಂದೂ ಅಂದರು. ಆ ಮಾತು ಬೇಕಿರಲಿಲ್ಲ. ನನಗೆ ಗೊತ್ತಿತ್ತು.

ಅವಳಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಕೆಟ್ಟದ್ದೇ ಎಂದು ಇನ್ನೂ ಗೊತ್ತಿಲ್ಲ, ಒಳ್ಳೆಯದೆಂದು ಹೇಳಲಾರೆ, ನಾಳೆ ನೋಡಿದರೆ ಗೊತ್ತಾಗುತ್ತದೆ. ಕುರಿಯ ಹಿಂದೆ ಹೋದರೆ ಮುಂಗಾರಿನವರೆಗೆ ಗೊತ್ತಾಗುವುದಿಲ್ಲ.

ಅವಳು ಮೆಟ್ಟಿಲ ಮೇಲೆ ನಿಂತು ಗಂಡನನ್ನು ಕರೆದಳು. ಮಂದೆ ಆಗಲೇ ಹಟ್ಟಿಯ ಹೊರಗೆ ಬಂದು ಸೇರಿತ್ತು.

"ನೀ ನಡಿ," ಅಂದಳು. "ನಾ ಇವ್ರ ಜೊತೆ ಹೋಗ್ತೀನಿ."

"ಒಬ್ಳೇ?"

"ನಿನ್ನ ತಮ್ಮನ್ನ ನಿನ್ನ ಜೊತೆ ಕರ್ಕಂಡ್ ಹೋಗು. ನಂಗೆ ಈಯಮ್ಮ ಅದಾಳೆ, ಯಾರೂ ಹತ್ರ ಬರಂಗಿಲ್ಲ. ಎರಡು ಕುರಿ ಮರಿ ಹಾಕೋ ಹಂಗೆ ಅದಾವೆ, ಜಾಸ್ತಿ ನಡೆಸ್ಬ್ಯಾಡ. ಮರಿ ಹುಟ್ಟಿದ್ರೆ ಹೊತ್ಕಳ್ರಿ."

ಅವನು ಟವೆಲು ತೆಗೆದು ಮತ್ತೆ ಹೆಗಲಿಗೆ ಹಾಕಿಕೊಂಡ. ನನ್ನ ಮುಖ ನೋಡಿದ. "ಫೋನ್ ಮಾಡ್ಸಿ ಸಿಸ್ಟ್ರಮ್ಮ," ಅಂದ. ಮಾಡಿಸುತ್ತೇನೆ ಅಂದೆ. ಅವಳು ಕಂಬಳಿ ಮಡಚಿ ಅವನ ಕಡೆ ಎಸೆದಳು. ಅವನು ಅದನ್ನು ಹಿಡಿದು, ಹತ್ತಿರ ಬಂದು, ಮತ್ತೆ ಅವಳ ಹೆಗಲ ಮೇಲೆ ಹಾಕಿ ಹೋದ.

ಚಳ್ಳಕೆರೆಗೆ ಬಂದಾಗ ಗಿರಣಿಯ ಅಂಗಳದಲ್ಲಿ ದೀಪ ಹಾಕಿದ್ದರು. ಕಾರ್ಯದರ್ಶಿಗಳು ಕಾಯುತ್ತಿದ್ದರು. ಚಹಾ ತರಿಸಿದ್ದರು.

"ಕೊನೀಗೂ ಕೆಲ್ಸ ಆತಲ್ಲ ಸಿಸ್ಟರಮ್ಮ. ನಾನೇನೂ ಕೆಟ್ಟದ್ದಕ್ಕೆ ಮಾಡಿದ್ದಲ್ಲ."

"ಆಯ್ತು. ಒಂದೂವರೆ ತಿಂಗಳು ತಡವಾಗಿ," ಅಂದೆ. "ಇನ್ನು ಮುಂದೆ ಈ ಬಸ್ಸಿಗೆ ನೀವು ನೀರೂ ಹಾಕಬಾರದು. ಚಾಲಕನನ್ನು ಲಾರಿಗೆ ಕರೀಬಾರದು. ಬಸ್ಸು ನಿಮ್ಮ ಅಂಗಳದಲ್ಲಿ ನಿಲ್ಲೋದು ಬೇಡ, ನಾನು ಬೇರೆ ಜಾಗ ನೋಡ್ತೀನಿ. ಒಪ್ಪಿಗೆ ಇಲ್ಲದಿದ್ರೆ ಬೇರೆ ಉಸ್ತುವಾರಿ ನೋಡ್ಕೊಳ್ಳಿ."

"ಇಷ್ಟಕ್ಕೆಲ್ಲ ಇಷ್ಟ್ಯಾಕ್ರಿ," ಅಂದರು ಅವರು. ನಿಜವಾಗಿಯೂ ಅವರಿಗೆ ಅರ್ಥವಾಗಿರಲಿಲ್ಲ.

ಹೆಂಗಸು ಬಸ್ಸಿನ ಮೆಟ್ಟಿಲ ಮೇಲೆ ಕೂತು ಎಲ್ಲ ಕೇಳುತ್ತಿದ್ದಳು. "ಸಾವ್ಕಾರ್ರೆ," ಎಂದು ಕರೆದಳು. ಅವರು ತಿರುಗಿದರು. "ಇಷ್ಟು ಅಂದ್ರಲ್ಲ, ಅದು ನಾನೇ."

ಅವರು ಅವಳನ್ನು ಮೊದಲ ಸಲ ನೋಡಿದರು. ಹೆಗಲ ಮೇಲಿನ ಕಂಬಳಿ, ಸೊಂಟದ ಕದಿರು. ಚಹಾದ ಲೋಟವೊಂದನ್ನು ಎತ್ತಿ ಅವಳ ಮುಂದೆ ಹಿಡಿದರು. ಅವಳು ತೆಗೆದುಕೊಳ್ಳಲಿಲ್ಲ. ಅವರು ಲೋಟ ಹಿಡಿದುಕೊಂಡೇ, "ಬೇರೆ ಜಾಗ ಸಿಗ್ಲಿ, ಬಸ್ಸು ಹೊರಡೋ ದಿನ ನಾನೇ ಗೇಟು ತೆಗೀತೀನಿ," ಎಂದು ನನಗೆ ಹೇಳಿ ಒಳಗೆ ಹೋದರು.

ನಾನು ಇನ್ನೂ ಮನೆಗೆ ಹೋಗುವಂತಿರಲಿಲ್ಲ. ಬಯಲಿನಲ್ಲಿ ತೊಳೆದದ್ದು ಒಂದೇ ವಾಲ್ವು. ಉಳಿದ ಮೂರರೊಳಗೂ ಅದೇ ಅಂಟು ಇತ್ತು. ಮರುದಿನ ಹೆಂಗಸನ್ನು ಆಸ್ಪತ್ರೆಗೆ ಬಿಟ್ಟು ಅದೇ ಬಸ್ಸು ಇನ್ನೊಂದು ಊರಿಗೆ ಹೋಗಬೇಕಿತ್ತು. ಅಲ್ಲಿಯೂ ಯಾರೋ ಕಾಯುತ್ತಿರುತ್ತಾರೆ. ಎಕ್ಸ್‌ರೇ ಹುಡುಗಿಯನ್ನು ಮನೆಗೆ ಕಳಿಸಿದೆ. ಚಾಲಕ ದೀಪ ಹಿಡಿದ, ಹಿಡಿ ಎಂದು ಹೇಳಿಸಿಕೊಳ್ಳದೆ. ಹೆಂಗಸು ನನ್ನ ಮನೆಯಲ್ಲೇ ಮಲಗುವವಳಿದ್ದಳು. ನೀನು ಮೊದಲು ಹೋಗಿ ಊಟ ಮಾಡು ಎಂದರೆ ಒಪ್ಪಲಿಲ್ಲ, ತೊಳೆದ ಭಾಗಗಳನ್ನು ಒರೆಸಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟಳು. ಮುಂದಿನ ಬಲ, ಮುಂದಿನ ಎಡ, ಹಿಂದಿನ ಬಲ. ಒಂದೊಂದಕ್ಕೂ ಹೊಸ ಉಂಗುರ ಹಾಕಿ ಕೂರಿಸಿದೆ. ನಾಲ್ಕೂ ಕಾಲುಗಳನ್ನು ಒಮ್ಮೆ ಇಳಿಸಿದೆ, ಒಮ್ಮೆ ಏರಿಸಿದೆ, ತೊಟ್ಟಿಯ ಮುಚ್ಚಳ ಬಿಗಿದು ಬ್ಯಾಟರಿ ಸ್ವಿಚ್ಚು ಆರಿಸಿದೆ.